ಗೆರೆಯಿಂದ ಎರಡು ಗೇಣು

ಗೆರೆಗೆ ಉದ್ದ ಇರುತ್ತೆ, ಅಗಲ ಇರಲ್ಲ ಅಂತ ಮೇಷ್ಟ್ರು ಹೇಳಿದಾಗ ನಾನು ಕೈ ಎತ್ತಿದೆ.

"ಹಾಗಾದ್ರೆ ಸರ್, ಗಡಿ ಮೇಲೆ ನಿಂತ್ಕೊಂಡ್ರೆ ನಾನು ಎಲ್ಲಿರ್ತೀನಿ?"

"ನೀನು ಎಲ್ಲಿದ್ರೂ ಪಾಠದಲ್ಲಂತೂ ಇರಲ್ಲ. ಕೂತ್ಕೊ."

ಕ್ಲಾಸೆಲ್ಲ ನಕ್ತು. ನಾನೂ ನಕ್ಕೆ. ಪಕ್ಕದಲ್ಲಿ ಕೂರೋ ಕನ್ನಡಕ ಮಾತ್ರ ನಗಲಿಲ್ಲ, ಅವನು ಬರ್ಕೊತಿದ್ದ. ಹಾಕ್ಕೊಳ್ಳೋ ಕನ್ನಡಕ ಅವನ ಮುಖಕ್ಕಿಂತ ದೊಡ್ಡದು, ಅದಕ್ಕೇ ಆ ಹೆಸರು. ರಾಜಕೀಯ ಭೂಗೋಳ ಅನ್ನೋ ಈ ಸಬ್ಜೆಕ್ಟನ್ನ ಅವನು ಆಸೆಪಟ್ಟು ತಗೊಂಡವನು. ನಾನು ಬೇರೆ ಯಾವುದಕ್ಕೂ ಮಾರ್ಕ್ಸ್ ಸಾಲದೆ ಬಂದು ಬಿದ್ದವಳು.

"ಗಡಿ ಅನ್ನೋದು ನೆಲದ ಮೇಲೆ ಎಲ್ಲೂ ಇಲ್ಲ," ಮೇಷ್ಟ್ರು ಮುಂದುವರಿಸಿದ್ರು. "ನೆಲದ ಮೇಲಿರೋದು ಗುರುತುಗಳು. ಕಂಬ ಒಂದು ಗುರುತು. ನದಿ ಒಂದು ಗುರುತು. ಕೆಲವು ಕಡೆ ಮರ ಕೂಡ. ಗೆರೆ ಮರದ ಕಾಂಡಕ್ಕೆ ತಾಗಿದ್ರೆ, ಆ ಮರಾನೇ ಗುರುತು ಅಂತ ಎರಡೂ ದೇಶದವರು ಒಪ್ಕೊಬಹುದು. ಒಪ್ಕೊಂಡ್ರೆ ಅದಕ್ಕೊಂದು ನಂಬರ್ ಕೊಡ್ತಾರೆ. ಆಮೇಲೆ ಅದನ್ನ ಯಾರೂ ಮುಟ್ಟಂಗಿಲ್ಲ."

ನಾನು ಅಷ್ಟೊತ್ತಿಗೆ ಕನ್ನಡಕನ ನೋಟ್ಸಿನ ಮೂಲೇಲಿ ಮೀಸೆ ಇರೋ ಮರ ಒಂದನ್ನ ಬರೀತಾ ಇದ್ದೆ.

ನಮ್ಮೂರಿನವರಿಗೆ ಗಡಿ ಓದೋ ವಿಷಯ ಅಲ್ಲ. ಕಾಲೇಜಿನ ಟೆರೇಸ್ ಹತ್ತಿದ್ರೆ ಆಚೆ ದೇಶದ ನೀರಿನ ಟ್ಯಾಂಕು, ಅದರ ಕೆಳಗೆ ಬಟ್ಟೆ ಒಣಹಾಕೋ ವಾಚ್‌ಮನ್ನು, ಎಲ್ಲಾ ಕಾಣುತ್ತೆ. ಫೋನಿಗಂತೂ ತಾನು ಯಾವ ದೇಶದಲ್ಲಿದೀನಿ ಅಂತ ತಲೆಬುಡ ಗೊತ್ತಾಗಲ್ಲ. ಅಡುಗೆಮನೇಲಿ ಇಲ್ಲಿನ ಟೈಮ್ ತೋರಿಸುತ್ತೆ, ಬಚ್ಚಲಿಗೆ ಹೋದ್ರೆ ಅಲ್ಲಿನ ಟೈಮ್, ಜೊತೆಗೆ 'ನಮ್ಮ ದೇಶಕ್ಕೆ ಸ್ವಾಗತ' ಅಂತ ಮೆಸೇಜ್ ಬೇರೆ. ಆಚೆಯವರು ಆಡೋ ಮಾತೂ ನಮ್ಮದೇ, ಸ್ವಲ್ಪ ರಾಗ ಜಾಸ್ತಿ ಅಷ್ಟೇ. ಮಧ್ಯೆ ಮುಳ್ಳುತಂತಿ ಬೇಲಿ. ಆ ಬೇಲಿ ಇರೋದು ಗಡಿ ಮೇಲಲ್ಲ. ಗಡಿಗಿಂತ ಒಂದು ದೊಡ್ಡ ಹೊಲದಷ್ಟು ಈಚೆಗೆ. ಆ ಹೊಲಕ್ಕೆ ನಮ್ಮಮ್ಮ ಹುಟ್ಟೋ ಮೊದಲಿಂದ ಯಾರೂ ಕಾಲಿಟ್ಟಿಲ್ಲ.

ಈ ವರ್ಷ ಎರಡೂ ಸರ್ಕಾರ ರಾಜಿ ಆದ್ವು. ಬೇಲಿ ತೆಗೀತಾರೆ ಅಂತ ಸುದ್ದಿ ಬಂತು. ಊರಿಗೂರೇ ಖುಷಿ. ನಮ್ಮಜ್ಜಿ ಹೋಗಿ ಹೊಸ ಚಪ್ಪಲಿ ತಗೊಂಡು ಬಂದ್ಲು.

ಬೇಲಿ ತೆಗೆಯೋಕೆ ಮುಂಚೆ ಗೆರೆ ಎಲ್ಲಿದೆ ಅಂತ ಎಲ್ಲರ ಕಣ್ಣಿಗೂ ಬೀಳೋ ಹಾಗೆ ಮಾಡಬೇಕು. ಅದಕ್ಕೆ ಎರಡೂ ಕಡೆ ಸರ್ವೇಯರುಗಳು ಒಟ್ಟಿಗೆ ಕೆಲಸ ಮಾಡ್ತಾರೆ. ಕಂಬಗಳಿಗೆ ಬಣ್ಣ ಹೊಡೀತಾರೆ, ಗೆರೆಯ ಆಚೆ ಮೂರು ಮೀಟರು, ಈಚೆ ಮೂರು ಮೀಟರು ಗಿಡ ಮರ ಏನೂ ಇಲ್ಲದ ಹಾಗೆ ಬೋಳು ಮಾಡ್ತಾರೆ. ಒಂದು ಕಂಬದ ಹತ್ತಿರ ನಿಂತ್ರೆ ಮುಂದಿನ ಕಂಬ ಕಾಣಬೇಕು. ಅಳತೆ ಕೋಲು ಹಿಡಿಯೋಕೆ ನಮ್ಮ ಕಾಲೇಜಿಂದ ಇಬ್ಬರನ್ನ ಕೇಳಿದ್ರು. ಕನ್ನಡಕ ತಕ್ಷಣ ಹೆಸರು ಕೊಟ್ಟ. ಇನ್ನೊಬ್ಬರು ಯಾರು ಅಂದಾಗ ಮೇಷ್ಟ್ರು ನನ್ನ ಕಡೆ ತಿರುಗಿದ್ರು.

"ಗಡಿ ಮೇಲೆ ನಿಂತ್ರೆ ಎಲ್ಲಿರ್ತೀನಿ ಅಂದ್ಯಲ್ಲ? ಹೋಗಿ ನೋಡ್ಕೊಂಡು ಬಾ."

ಸಾಯಂಕಾಲ ಮನೇಲಿ ಇದನ್ನ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಅಮ್ಮ ಒಗೆದ ಬಟ್ಟೆ ಮಡಚ್ತಿದ್ಲು. ಅಜ್ಜಿ ಹೊಸ ಚಪ್ಪಲಿ ಹಾಕ್ಕೊಂಡು ಹಾಲಿನ ಆ ಗೋಡೆಯಿಂದ ಈ ಗೋಡೆಗೆ ಓಡಾಡ್ತಿದ್ಲು. ಕಚ್ಚದ ಹಾಗೆ ಮೊದಲೇ ಪಳಗಿಸಬೇಕಂತೆ.

"ಅಜ್ಜಿ, ಇನ್ಮೇಲೆ ನಾನು ದೇಶದ ಕೆಲಸದಲ್ಲಿದೀನಿ. ಮರ್ಯಾದೆ ಕೊಟ್ಟು ಮಾತಾಡು."

"ಕೊಡ್ತೀನಿ ಕಣೆ ಗಿರಗಿಟ್ಲೆ. ಮೊದ್ಲು ಊಟದ ತಟ್ಟೆ ತೊಳೆದಿಡು, ಆಮೇಲೆ ಸಲ್ಯೂಟ್ ಹೊಡೀತೀನಿ." ಅಜ್ಜಿ ಇನ್ನೊಂದು ಸುತ್ತು ತಿರುಗಿದ್ಲು. "ಎಲ್ಲಿಂದ ಎಲ್ಲಿಗೆ ಕೆಲಸ?"

"ಹನ್ನೊಂದನೇ ಕಂಬದಿಂದ ಹನ್ನೆರಡಕ್ಕೆ. ಇಟ್ಟಿಗೆ ಗೂಡಿನ ಹಿಂದೆ, ಬಸ್ ರಸ್ತೆ ತಿರುಗುತ್ತಲ್ಲ, ಅಲ್ಲಿ."

ಅಜ್ಜಿ ನಿಂತಳು. "ಅಲ್ಲಿರೋ ಮರಗಳನ್ನ ಏನು ಮಾಡ್ತಾರೆ?"

"ತೆಗೀತಾರೆ. ಎಲ್ಲಾ ಬೋಳು. ತಾತನ ತಲೆ ಇತ್ತಲ್ಲ, ಹಾಗೆ."

ಸತ್ತುಹೋದ ತಾತನ ತಲೆ ವಿಷಯಕ್ಕೆ ಅಜ್ಜಿ ಯಾವಾಗ್ಲೂ ನಗೋಳು. ಅವತ್ತು ನಗಲಿಲ್ಲ. ಚಪ್ಪಲಿ ಬಿಚ್ಚಿ ಡಬ್ಬದೊಳಗಿಟ್ಟು ಮುಚ್ಚಳ ಹಾಕಿದ್ಲು.

ಬೆಳಗ್ಗೆ ನನ್ನ ಕೂದಲು ಬಾಚೋಕೆ ಕೂತಾಗ ಅಜ್ಜಿ ಬಾಗಿಲು ಮುಂದೆ ಮಾಡಿದ್ಲು. ನಂಗೆ ಇಷ್ಟು ವಯಸ್ಸಾದ್ರೂ ಜಡೆ ಅಜ್ಜಿನೇ ಹಾಕಬೇಕು. ಕೂದಲು ಅವಳ ಕೈಲಿದ್ರೆ ನಾನು ಎದ್ದು ಓಡಕ್ಕಾಗಲ್ಲ ಅಂತ ಅವಳಿಗೂ ಗೊತ್ತು.

"ಅಲ್ಲೊಂದು ಹಿಪ್ಪುನೇರಳೆ ಮರ ಇದೆ," ಅಂದ್ಲು.

"ಗೊತ್ತು. ಬಸ್ಸಿಂದ ಕಾಣುತ್ತೆ."

"ನಿಮ್ಮಮ್ಮನಿಗಿಂತ ಮುಂಚೆ ನಂಗೊಂದು ಹೆಣ್ಣುಮಗು ಇತ್ತು."

ನಾನು ತಿರುಗೋಕೆ ಹೋದೆ. ಅಜ್ಜಿ ಜಡೆ ಹಿಡಿದು ಮತ್ತೆ ಮುಂದಕ್ಕೆ ತಿರುಗಿಸಿದ್ಲು. ಹಿಂದಿನಿಂದಲೇ ಹೇಳಿದ್ಲು. ಮುಖ ನೋಡಿಕೊಂಡು ಹೇಳೋಕೆ ಆಗ್ತಿರಲಿಲ್ಲವೋ ಏನೋ.

ಅವಳ ತವರು, ಮದುವೆಯಾಗಿ ಹೋದ ಮನೆ ಎರಡೂ ಈಗಿನ ಆಚೆ ದೇಶದಲ್ಲಿದ್ವು. ಗಡಿ ಎಳೆದಾಗ ನೀವು ಆ ಕಡೆಯವರು, ಹೊರಡಿ ಅಂದ್ರಂತೆ. ತಾತ ಗಾರೆ ಕೆಲಸದವನು. ಅವನ ಚೀಲದಲ್ಲಿ ಸಾಮಾನು, ಅಜ್ಜಿ ಹೆಗಲ ಮೇಲೆ ಬಟ್ಟೆ ಗಂಟು. ಗಂಟು ಸಿಕ್ಕಿಸಿಕೊಳ್ಳೋಕೆ ಹಿತ್ತಲಿನ ಹಿಪ್ಪುನೇರಳೆ ಗಿಡದಿಂದ ಒಂದು ಕೋಲು ಮುರ್ಕೊಂಡಿದ್ಲು. ಕಂಕುಳಲ್ಲಿ ಮಗು. ಮಗೂಗೆ ಜ್ವರ. ಗಡಿ ಹತ್ತಿರ ಸಾಲಲ್ಲಿ ನಿಲ್ಲಿಸಿದ್ರಂತೆ. ಮುಂದೆ ಒಂದಷ್ಟು ಜನ ಹಗ್ಗ ಎಳೆದು ಅದರುದ್ದಕ್ಕೂ ಸುಣ್ಣದ ಪುಡಿ ಹಾಕ್ತಾ ಇದ್ರು. ಸಾಲು ಹಗ್ಗ ದಾಟೋ ಹೊತ್ತಿಗೆ ಮಗು ಹೋಗಿಬಿಟ್ಟಿತ್ತು.

"ಆಚೆ ಮಲಗಿಸಿ ಬರೋಕೆ ನಂಗೆ ಮನಸ್ಸಾಗಲಿಲ್ಲ. ಆಮೇಲೆ ಬಿಡ್ತಾರೋ ಇಲ್ವೋ. ಹಗ್ಗ ದಾಟಿದ ತಕ್ಷಣ ಕೂತ್ಬಿಟ್ಟೆ. ಹಗ್ಗದಿಂದ ಎರಡು ಗೇಣು ಈಚೆಗೆ ನಾನೇ ಕೈಯಲ್ಲಿ ಅಳೆದೆ. ನಮ್ಮ ಕಡೆ ಇರಲಿ ಅಂತ. ನಿಮ್ಮ ತಾತ ಕರಣೇಲಿ ಅಗೆದ್ರು. ಗೋಡೆಗೆ ಗಾರೆ ಮೆತ್ತೋ ಕರಣೆ. ಗುರುತಿಗೆ ಇಡೋಣ ಅಂದ್ರೆ ಒಂದು ಕಲ್ಲಿಲ್ಲ ಅಲ್ಲಿ, ಬರೀ ಮೆತ್ತನೆ ಮಣ್ಣು. ಗಂಟಿನ ಕೋಲನ್ನೇ ನೆಟ್ಟೆ. ಅದು ಚಿಗುರುತ್ತೆ ಅಂತ ಯಾರಿಗೆ ಗೊತ್ತಿತ್ತು."

"ಅಜ್ಜಿ... ಹೆಸರೇನು ಮಗೂಗೆ?"

"ಇನ್ನೂ ಇಟ್ಟಿರಲಿಲ್ಲ ಕಣೆ."

ಬೇಲಿ ಬರೋವರೆಗೂ ಅಜ್ಜಿ ಹೋಗಿ ನೀರು ಹಾಕಿ ಬರ್ತಿದ್ಲಂತೆ. ಬೇಲಿ ಬಂದ ಮೇಲೆ ಅದೂ ಇಲ್ಲ. ತಾತ ಬೇರೆ ಊರಿಗೆ ಹೋಗೋಣ ಅಂದಾಗೆಲ್ಲ ಇವಳು ಬೇಡ ಅಂದಿದ್ದು ಅದಕ್ಕೇ. ಪೇಟೆಗೆ ಹೋಗೋವಾಗ ಬಸ್ಸಿನ ಎಡಗಡೆ ಕಿಟಕಿ, ಬರೋವಾಗ ಬಲಗಡೆ ಕಿಟಕಿ, ಅದಕ್ಕಾಗಿ ಕಂಡಕ್ಟರ್ ಹತ್ತಿರ ಜಗಳ. ನಾವೆಲ್ಲ ಅಜ್ಜಿಗೆ ಗಾಳಿ ಬೇಕು ಅಂದ್ಕೊಂಡಿದ್ವಿ. ನಮ್ಮ ಮನೆಗೆ ಹಿಪ್ಪುನೇರಳೆ ಹಣ್ಣು ಯಾವತ್ತೂ ಬಂದಿದ್ದಿಲ್ಲ. ಯಾಕೆ ಅಂದ್ರೆ "ಬಟ್ಟೆಗೆ ಕಲೆ ಆಗುತ್ತೆ" ಅನ್ನೋಳು. ಬೇಲಿ ತೆಗೀತಾರೆ ಅಂದಾಗ ಚಪ್ಪಲಿ ಯಾಕೆ ಬಂತು ಅಂತಲೂ ಈಗ ಗೊತ್ತಾಯ್ತು. ನಡ್ಕೊಂಡು ಹೋಗಿ ಆ ಮರ ಮುಟ್ಟೋಕೆ.

"ನಾನು ಹೇಳ್ತೀನಿ ಅಜ್ಜಿ ಅವರಿಗೆ. ಇಲ್ಲಿ ನಮ್ಮ..." ನಂಗೆ ಪದ ಸಿಗಲಿಲ್ಲ. ಅಮ್ಮನ ಅಕ್ಕ ಅಂದ್ರೆ ನಂಗೆ ದೊಡ್ಡಮ್ಮ ಆಗಬೇಕು. ಹೆಸರಿಡದೇ ಇರೋ ಮಗು ನನ್ನ ದೊಡ್ಡಮ್ಮ.

"ಮಗು ಇದೆ ಅಂತ ಹೇಳಬೇಡ." ಅಜ್ಜಿ ಧ್ವನಿ ಗಟ್ಟಿ ಆಯ್ತು. "ಹೇಳಿದ್ರೆ ಅಗೀತಾರೆ. ಎರಡು ದೇಶದವರು ಸೇರಿ ಅಗೆದು, ಯಾರ ಮಗು, ಯಾವ ಕಡೇದು ಅಂತ ಕೇಳ್ತಾರೆ. ಮರ ಬಿಡೋಕೆ ಆಗುತ್ತಾ ಅಂತ ಮಾತ್ರ ಕೇಳು. ಆಗಲ್ಲ ಅಂದ್ರೆ ಕಡೀಲಿ. ಅಗೆಯೋಕೆ ಮಾತ್ರ ಬಿಡಬೇಡ."

ಜಡೆ ಅವತ್ತು ಎಷ್ಟು ಬಿಗಿಯಾಗಿತ್ತು ಅಂದ್ರೆ ನಂಗೆ ಹುಬ್ಬು ಇಳಿಸಕ್ಕೇ ಆಗ್ತಿರಲಿಲ್ಲ.

ಬೇಲಿ ಬಾಗಿಲು ತೆಗೆದು ನಮ್ಮನ್ನ ಒಳಗೆ ಬಿಟ್ಟಾಗ ಕಾಲ ಕೆಳಗೆ ಹುಲ್ಲು ಮೊಣಕಾಲು ಮುಟ್ತಿತ್ತು. ನಮ್ಮ ಸರ್ವೇಯರ್ ಸರ್ ದಪ್ಪಗೆ, ತಲೆ ಮೇಲೆ ಹ್ಯಾಟು, ಮಾತು ಮಾತಿಗೂ ರೂಲ್ಸು. ಆಚೆ ಸರ್ವೇಯರ್ ಒಬ್ಬರು ಮೇಡಮ್, ಕಡ್ಡಿಯ ಹಾಗೆ ತೆಳ್ಳಗೆ, ನಮ್ಮಮ್ಮನ ವಯಸ್ಸಿರಬಹುದು. ಇಬ್ಬರೂ ತಮ್ಮ ತಮ್ಮ ಫ್ಲಾಸ್ಕಿನಲ್ಲಿ ಟೀ ತಂದಿದ್ರು.

"ನಮ್ಮದು ಕುಡಿದು ನೋಡಿ ಸರ್," ಅಂದ್ರು ಮೇಡಮ್.

ಸರ್ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ್ರು. "ಇದಕ್ಕೇ ನೋಡಿ ಇಷ್ಟು ವರ್ಷ ಬೇಲಿ ಹಾಕಿದ್ದು."

ಮೂರು ಕಾಲಿನ ಸ್ಟ್ಯಾಂಡ್ ಮೇಲೆ ದುರ್ಬೀನಿನಂಥ ಯಂತ್ರ. ಅದನ್ನ ಹನ್ನೊಂದನೇ ಕಂಬದ ಮೇಲಿಟ್ಟು ಹನ್ನೆರಡನೇ ಕಂಬದ ಕಡೆ ನೋಡ್ತಾರೆ. ಆ ನೋಟಾನೇ ಗಡಿ. ಕೆಂಪು ಬಿಳಿ ಪಟ್ಟೆ ಕೋಲು ಹಿಡಿದು ನಾನು ಮುಂದೆ ಮುಂದೆ ಹೋಗ್ತಿದ್ದೆ, ಕನ್ನಡಕ ಅಳತೆ ಓದಿ ಹೇಳ್ತಿದ್ದ. ಹಿಂದೆ ಮೆಷಿನ್ ಗರಗಸದಣ್ಣ ಪೊದೆಗಳನ್ನ ಸವರಿಕೊಂಡು ಬರ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಮರದ ಹತ್ತಿರ ಬಂದ್ವಿ.

ಬಸ್ಸಿಂದ ಚಿಕ್ಕದಾಗಿ ಕಾಣ್ತಿತ್ತು. ಹತ್ತಿರ ಹೋದ್ರೆ ಒಂದು ಮನೆಯಷ್ಟು ನೆರಳು. ಹಣ್ಣಿನ ಕಾಲ. ನೆಲವೆಲ್ಲ ಕಪ್ಪು ನೇರಳೆ ಬಣ್ಣ. ನಾನು ಬುಡದ ಮೇಲೆ ಕಾಲಿಡದ ಹಾಗೆ ಸುತ್ತು ಹಾಕಿದೆ. ಒಂದು ಕೈ ಕಾಂಡದ ಮೇಲಿಟ್ಟೆ. ಬಿಸಿಲಿಗೆ ಬೆಚ್ಚಗಿತ್ತು.

"ಏಯ್, ಕೋಲು ನೆಟ್ಟಗೆ ಹಿಡಿಯಮ್ಮ!" ಸರ್ ಕೂಗಿದ್ರು. "ಮರದ ನಡುಮಧ್ಯಕ್ಕೆ ಹಿಡಿ!"

ಹಿಡಿದೆ. ಕನ್ನಡಕ ಓದಿದ: "ಗೆರೆಯಿಂದ ನಲವತ್ತೈದು ಸೆಂಟಿಮೀಟರ್ ಈಚೆ."

"ಗೆರೆ ಮೇಲಿಲ್ಲ. ಬೋಳು ಮಾಡೋ ಪಟ್ಟಿ ಒಳಗಿದೆ. ಹೋಗುತ್ತೆ," ಅಂದ್ರು ಸರ್. ಮೂರು ಮಾತಲ್ಲಿ ಮುಗೀತು.

ಗರಗಸದಣ್ಣ ಟೇಪ್ ತಗೊಂಡು ಕಾಂಡದ ಸುತ್ತ ಎಳೆದ. "ಅಬ್ಬ, ಮೂರು ಮೀಟರ್ ಹತ್ತಿರ ಹತ್ತಿರ ಸುತ್ತಳತೆ. ಇದಕ್ಕೆ ದೊಡ್ಡ ಬ್ಲೇಡ್ ಬೇಕು ಸಾರ್, ನಾಳೆ ಬೆಳಗ್ಗೆ ತರ್ತೀನಿ. ಮತ್ತೆ ಜೆಸಿಬಿನೂ ಬೇಕು. ಹಿಪ್ಪುನೇರಳೆ ಅಲ್ವಾ, ಕಡಿದಷ್ಟೂ ಚಿಗುರುತ್ತೆ ಬಡ್ಡಿಮಗಂದು. ಬೇರು ಸಮೇತ ಕಿತ್ತು ಗುಂಡಿ ಮುಚ್ಚಬೇಕು."

ಕಡಿಯೋದೂ ಅಗೆಯೋದೂ ಇಲ್ಲಿ ಬೇರೆ ಬೇರೆ ಅಲ್ಲ.

"ಸರ್, ಈ ಮರ ಒಂದನ್ನ ಬಿಡೋಕೆ ಆಗಲ್ವಾ?"

"ಯಾಕೆ, ಹಣ್ಣು ತಿನ್ನೋಕಾ?"

"ಚೆನ್ನಾಗಿದೆ ಸರ್..."

"ಚೆನ್ನಾಗಿರೋದೆಲ್ಲ ಬಿಟ್ರೆ ಕಂಬ ಕಾಣೋದು ಹೇಗಮ್ಮ? ಇವತ್ತು ನೀನು ಒಂದು ಕೇಳ್ತೀಯ, ನಾಳೆ ಅವರು ನಾಲ್ಕು ಕೇಳ್ತಾರೆ. ಅಲ್ವಾ ಮೇಡಮ್?"

ಮೇಡಮ್ ನನ್ನ ಕೈ ನೋಡ್ತಿದ್ರು. ನಾನಿನ್ನೂ ಮರದ ಮೇಲಿಂದ ಕೈ ತೆಗೆದಿರಲಿಲ್ಲ.

ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ನಿಂತಿದ್ಲು. ನನ್ನ ಮುಖ ನೋಡಿಯೇ ಅರ್ಥ ಮಾಡ್ಕೊಂಡ್ಲು. ಆದ್ರೂ ನಾನು ಬೇರಿನ ವಿಷಯನೂ ಸೇರಿಸಿ ಎಲ್ಲಾ ಹೇಳಿದೆ. ಮುಚ್ಚಿಡೋದು ಹೇಗೆ? ನಾಳೆ ಜೆಸಿಬಿ ಬಸ್ಸಿಂದ ಕಾಣುತ್ತಲ್ಲ.

ಅಜ್ಜಿ ಮಂಚದ ಅಂಚಿನ ಮೇಲೆ ಕೂತಳು. ಅಮ್ಮ ಅಡುಗೆಮನೆ ಬಾಗಿಲಲ್ಲಿ ಕೈಯಲ್ಲಿ ಸೌಟು ಹಿಡಿದು ನಿಂತಿದ್ಲು. ತನಗೊಬ್ಬಳು ಅಕ್ಕ ಇದ್ಲು ಅಂತ ಅವಳಿಗೂ ಅವತ್ತೇ ಗೊತ್ತಾಗಿದ್ದು.

"ನೀನು ಮುಟ್ಟಿದ್ಯಾ?" ಅಜ್ಜಿ ಕೇಳಿದ್ಲು.

"ಹೂಂ ಅಜ್ಜಿ. ತಬ್ಬಿಕೊಳ್ಳೋಕೆ ನೋಡ್ದೆ. ಕೈ ಸಾಲಲಿಲ್ಲ. ಅರ್ಧಾನೂ ಬರಲಿಲ್ಲ."

"ಅಷ್ಟು ದಪ್ಪ ಆಗಿದೆಯಾ!" ಅವಳ ಮುಖದಲ್ಲಿ ಒಂದು ಕ್ಷಣ, ಬೇರೆಯವರ ಮನೇಲಿ ಬೆಳೆದ ಮಗಳ ಸುದ್ದಿ ಕೇಳಿದ ಹಾಗೆ, ಹೆಮ್ಮೆ ಬಂತು. ತನ್ನ ಹೆಬ್ಬೆರಳು ಎತ್ತಿ ತೋರಿಸಿದ್ಲು. "ಇಷ್ಟಿತ್ತು ಕಣೆ. ಇದಕ್ಕಿಂತ ಚೂರು ದಪ್ಪ ಅಷ್ಟೇ. ಎರಡು ಗೇಣು ಜಾಗ ಬಿಟ್ಟು ನೆಟ್ಟೆ, ಕೋಲಿಗೂ ಹಗ್ಗಕ್ಕೂ ಮಧ್ಯೆ ನಾನು ಕೂತ್ಕೊಬಹುದಾಗಿತ್ತು."

ಅವಳು ಮಂಚದ ಮೇಲೆ ಗೇಣು ಹಾಕಿ ತೋರಿಸಿದ್ಲು. ಒಂದು, ಎರಡು. ನಾನು ಸ್ಕೂಲ್ ಸ್ಕೇಲ್ ತಂದು ಇಟ್ಟು ನೋಡಿದೆ. ನಲವತ್ತೈದು ಸೆಂಟಿಮೀಟರು.

ಯಂತ್ರ ಹೇಳಿದ್ದೂ ಅದೇ. ಅಂದ್ರೆ ಹಗ್ಗ ಎಳೆದ ಜಾಗದಲ್ಲೇ ಗೆರೆ ಇದೆ, ಕೋಲು ನೆಟ್ಟ ಜಾಗದಲ್ಲೇ ಮರದ ನಡು ಇದೆ. ಗೆರೆ ಕದಲಿಲ್ಲ. ನಡು ಕದಲಿಲ್ಲ. ಆದ್ರೆ ಮರ ಹೆಬ್ಬೆರಳಷ್ಟಿದ್ದಿದ್ದು ಈಗ ನನ್ನ ಕೈಗೆ ಸಿಗದಷ್ಟಾಗಿದೆ. ಅದು ಬೆಳೆದಿದ್ದು ಎಲ್ಲಾ ಕಡೆಗೂ. ಗೆರೆ ಕಡೆಗೂ.

ನಾವು ನಡುವಿಗೆ ಕೋಲು ಹಿಡಿದಿದ್ವಿ!

ಕನ್ನಡಕನಿಗೆ ಫೋನ್ ಮಾಡಿದೆ. "ಲೋ, ಗೆರೆ ಕಾಂಡಕ್ಕೆ ತಾಗಿದ್ರೆ ಅಂದ್ರಾ ಮೇಷ್ಟ್ರು, ನಡುವಿಗೆ ತಾಗಿದ್ರೆ ಅಂದ್ರಾ?"

ಪುಟ ತಿರುಗಿಸೋ ಸದ್ದು. "ಕಾಂಡಕ್ಕೆ. ಪಕ್ಕದಲ್ಲಿ ನೀನು ಮೀಸೆ ಮರ ಬರೆದಿದೀಯ."

"ಸುತ್ತಳತೆ ಮೂರು ಮೀಟರ್ ಹತ್ತಿರ ಇದ್ರೆ ನಡುವಿಂದ ತೊಗಟೆಗೆ ಎಷ್ಟಾಗುತ್ತೆ?"

ಬಾಯಲ್ಲೇ ಲೆಕ್ಕ ಹಾಕಿದ. "ನಲವತ್ತೇಳು, ನಲವತ್ತೆಂಟು..." ಆಮೇಲೆ ಅವನ ಧ್ವನಿನೇ ಬದಲಾಯ್ತು. "ಏಯ್. ನಾವು ತಪ್ಪು ಅಳೆದಿದೀವಿ ಕಣೆ."

ಬೆಳಗ್ಗೆ ನಾವಿಬ್ರೂ ಹೋಗೋ ಹೊತ್ತಿಗೆ ಜೆಸಿಬಿ ಬಂದು ನಿಂತಿತ್ತು. ಗರಗಸದಣ್ಣ ದೊಡ್ಡ ಬ್ಲೇಡ್ ಸಿಕ್ಕಿಸ್ತಿದ್ದ. ನಾನು ಓಡಿಹೋಗಿ ಮರಕ್ಕೆ ಬೆನ್ನು ಕೊಟ್ಟು ನಿಂತೆ.

"ಇದೇನು ನಾಟಕ?" ಅಂದ್ರು ಸರ್.

"ಸರ್, ತೊಗಟೆಗೆ ಅಳೀರಿ. ಗೆರೆ ಮರಕ್ಕೆ ತಾಗುತ್ತೆ. ತಾಗಿದ್ರೆ ಇದು ಗುರುತು. ಗುರುತನ್ನ ಕಡಿಯಂಗಿಲ್ಲ."

"ಮರ ಅಂದ್ರೆ ನಡು. ನಾನು ಕೆಲಸಕ್ಕೆ ಸೇರಿದಾಗಿಂದ ನಡುವಿಗೇ ಅಳೆದಿರೋದು."

"ನಮ್ಮ ಕಡೆ ತೊಗಟೆಗೆ ಅಳೀತೀವಿ ಸರ್," ಅಂತ ಹಿಂದಿನಿಂದ ಮೇಡಮ್ ಅಂದ್ರು.

"ನಿಮ್ಮ ಕಡೆ ಟೀನೂ ಹಾಗೇ ಮಾಡ್ತೀರಿ."

"ನಗಬೇಡಿ ಸರ್. ನಡುವಿಗೆ ಅಳೆಯೋದು ಮರ ಎಲ್ಲಿದೆ ಅಂತ ನಕ್ಷೇಲಿ ತೋರಿಸೋಕೆ. ಗೆರೆ ತಾಗುತ್ತಾ ಅಂತ ನೋಡೋಕಲ್ಲ. ಈ ಎರಡು ಕೆಲಸ ನಿನ್ನೆ ನಾವಿಬ್ರೂ ಸೇರಿ ಬೆರಸಿಬಿಟ್ವಿ. ನಾನೂ ಸುಮ್ನಿದ್ದೆ, ನನ್ನದೂ ತಪ್ಪು."

ಸರ್ ಹ್ಯಾಟ್ ತೆಗೆದು ತಲೆ ಕೆರ್ಕೊಂಡ್ರು. ರೂಲ್ಸಿನ ಮನುಷ್ಯ. ರೂಲ್ಸು ತನ್ನ ಕಡೆ ಇಲ್ಲ ಅನ್ನಿಸಿದ್ರೆ ಪಾಪ ಅವರಿಗೆ ಜಗಳ ಆಡೋಕೂ ಬರಲ್ಲ. "ದಾರ ಕಟ್ರಿ," ಅಂದ್ರು.

ಯಂತ್ರದಿಂದ ನೋಡಿ ನೋಡಿ, ಮರದ ಹಿಂದೆ ಒಂದು ಗೂಟ, ಮುಂದೆ ಒಂದು ಗೂಟ ಗೆರೆ ಮೇಲೇ ಬಡಿದ್ರು. ಮಧ್ಯೆ ಬಿಳಿ ದಾರ ಎಳೆದ್ರು. ದಾರ ನೇರವಾಗಿ ಹೋಗಬೇಕಿತ್ತು. ಹೋಗಲಿಲ್ಲ. ಕಾಂಡಕ್ಕೆ ತಗುಲಿ, ಎರಡು ಬೆರಳಷ್ಟು ಆಚೆಗೆ ಬಾಗಿತು.

ಗರಗಸದಣ್ಣ ಮೆಷಿನ್ನು ನೆಲಕ್ಕಿಟ್ಟ.

ಮೇಡಮ್ ನನ್ನ ಹತ್ತಿರ ಬಂದು ನಿಂತ್ರು. ಸರ್‌ಗೆ ಕೇಳದ ಹಾಗೆ ಮೆಲ್ಲಗೆ, "ಇದನ್ನ ನೆಟ್ಟೋರು ಯಾರು?" ಅಂದ್ರು.

"ನಮ್ಮಜ್ಜಿ."

"ಕಡಿಯಬಾರದು ಅಂತಾನಾ, ಅಗೆಯಬಾರದು ಅಂತಾನಾ?"

ಅಜ್ಜಿ ಹೇಳಬೇಡ ಅಂದಿದ್ದಳು. ನಾನು ಹೇಳಲಿಲ್ಲ. ಆದ್ರೆ ಮೇಡಮ್ ಅದನ್ನೂ ಕೇಳಿಸ್ಕೊಂಡ್ರು ಅನ್ಸುತ್ತೆ. ಹುಲ್ಲಿನ ಕಡೆ ನೋಡ್ತಾ, "ನಮ್ಮ ಕಡೆನೂ ಇಂಥವು ಇವೆ," ಅಂದ್ರು ಅಷ್ಟೇ. ಆಮೇಲೆ ಇನ್ನೊಂದು ಮಾತು ಹೇಳಿದ್ರು. "ಒಂದು ತಿಳ್ಕೊ ಮಗಳೇ. ಗುರುತು ಅಂತ ಆದ್ರೆ, ದೊಡ್ಡ ಬೇಲಿ ಹೋದ್ರೂ ಇದರ ಸುತ್ತ ಒಂದು ಚಿಕ್ಕ ಬೇಲಿ ಬರುತ್ತೆ. ಹತ್ತು ಮೀಟರ್ ದೂರಕ್ಕೆ. ಕಂಬಗಳಿಗೆಲ್ಲ ಹಾಗೇ. ಒಳಗೆ ಯಾರನ್ನೂ ಬಿಡಲ್ಲ. ನಿಮ್ಮವರನ್ನೂ, ನಮ್ಮವರನ್ನೂ. ಕಡಿದ್ರೆ ಜಾಗ ಖಾಲಿ ಇರುತ್ತೆ, ಬೇಲಿ ಇರಲ್ಲ, ಪಟ್ಟಿ ಅಂಚಿನವರೆಗೂ ನಡೆದು ಬರಬಹುದು. ಉಳಿಸಿದ್ರೆ ದೂರದಿಂದ ನೋಡೋದು ಮಾತ್ರ. ಸಂಜೆ ಒಳಗೆ ನಾವಿಬ್ರೂ ಸೈನ್ ಹಾಕಬೇಕು. ಹಾಕಿದ ಮೇಲೆ ಬದಲಾಯಿಸೋಕೆ ಆಗಲ್ಲ."

ಹೊಸ ಚಪ್ಪಲಿ ಕಣ್ಣ ಮುಂದೆ ಬಂತು.

ಇದನ್ನ ತೀರ್ಮಾನ ಮಾಡೋಕೆ ನಾನು ಯಾರು? ಫೋನ್ ತೆಗೆದೆ. 'ನಮ್ಮ ದೇಶಕ್ಕೆ ಸ್ವಾಗತ' ಅಂತಿತ್ತು. ಎರಡು ಹೆಜ್ಜೆ ಹಿಂದೆ ಬಂದು ಅಜ್ಜಿಗೆ ಮಾಡಿದೆ. ಒಂದೇ ರಿಂಗಿಗೆ ತೆಗೆದ್ಲು.

"ಕಡಿದ್ರಾ?"

"ಇಲ್ಲ ಅಜ್ಜಿ. ಕೇಳಿಲ್ಲಿ. ಮರ ಉಳಿಯುತ್ತೆ. ಯಾರೂ ಅಗೆಯಲ್ಲ. ಆದ್ರೆ ಸುತ್ತ ಬೇಲಿ ಹಾಕ್ತಾರೆ. ನೀನು ಹತ್ತಿರ ಹೋಗೋಕೆ ಆಗಲ್ಲ. ಮುಟ್ಟೋಕೆ ಆಗಲ್ಲ. ಇನ್ನು ಯಾವತ್ತೂ."

ನಮ್ಮ ಮನೆ ಗಡಿಯಾರದ ಟಿಕ್ ಟಿಕ್ ಕೇಳಿಸ್ತಿತ್ತು.

"ಬೇರೆ ಯಾರಾದ್ರೂ ಮುಟ್ತಾರಾ?"

"ಇಲ್ಲ. ಯಾರೂ ಮುಟ್ಟಂಗಿಲ್ಲ."

"ಗುದ್ದಲಿ ಪಿಕಾಸಿ ಯಾವುದೂ?"

"ಯಾವುದೂ ಇಲ್ಲ ಅಜ್ಜಿ. ಎರಡೂ ದೇಶದವರು ಕಾಯ್ತಾರೆ."

"ನಾನು ಹೋದ ಮೇಲೂ?"

"ನೀನು ಹೋದ ಮೇಲೂ."

"ಹಾಗಾದ್ರೆ ಬೇಲಿ ಹಾಕ್ಲಿ ಬಿಡು," ಅಂದ್ಲು ಅಜ್ಜಿ. ಫೋನ್ ಇಡೋಕೆ ಮುಂಚೆ, "ನೀನು ಇನ್ನೊಂದ್ಸಲ ಮುಟ್ಟು. ನನ್ನ ಲೆಕ್ಕಕ್ಕೆ," ಅಂದ್ಲು.

ನಾನು ಮುಟ್ಟಿದೆ. ಎರಡೂ ಕೈ ಚಾಚಿ, ಕೆನ್ನೆನೂ ಇಟ್ಟೆ. ಕನ್ನಡಕ ಬೇರೆ ಕಡೆ ತಿರುಗಿ ತನ್ನ ಕನ್ನಡಕ ಒರೆಸಿಕೊಳ್ತಿದ್ದ. ಸರ್ ಗದರಿಸ್ತಾರೆ ಅಂದ್ಕೊಂಡೆ. "ಬೇಗ ಆಗ್ಲಮ್ಮ, ಬಣ್ಣ ಹಚ್ಚಬೇಕು," ಅಂದ್ರು, ಅದೂ ಮೆತ್ತಗೆ. ಕಾಂಡದ ಸುತ್ತ ಬಿಳಿ ಪಟ್ಟಿ ಬಳಿದ್ರು. ತಗಡಿನ ಮೇಲೆ ನಂಬರ್ ಕೊರೆದು ಹೊಡೆದ್ರು. ಮೊಳೆ ಬಡಿಯೋವಾಗ ನಾನು ಕಣ್ಣು ಮುಚ್ಚಿಕೊಂಡೆ. ಮೇಲಿಂದ ಒಂದಷ್ಟು ಹಣ್ಣು ಪಟಪಟ ಅಂತ ಉದುರಿದ್ವು, ಕೆಲವು ಈ ಕಡೆ, ಕೆಲವು ಆ ಕಡೆ.

ಮನೆಗೆ ಹೋದಾಗ ನನ್ನ ಅಂಗೈ, ಕೆನ್ನೆ, ಬಟ್ಟೆ ಎಲ್ಲಾ ನೇರಳೆ ಕಲೆ. ಅಮ್ಮ ಸೋಪು ತರೋಕೆ ಹೋದ್ಲು. ಅಜ್ಜಿ ಬೇಡ ಅಂದ್ಲು. ನನ್ನ ಎರಡೂ ಅಂಗೈಯನ್ನ ತನ್ನ ತೊಡೆ ಮೇಲಿಟ್ಕೊಂಡು ಕೂತಳು.

ದೊಡ್ಡ ಬೇಲಿ ತೆಗೆದ ದಿನ ಊರಿನವರೆಲ್ಲ ಆ ಹೊಲದೊಳಗೆ ಓಡಿದ್ರು. ಹುಡುಗರು ಕಿರುಚಾಡ್ತಿದ್ರು, ಯಾರೋ ಆಚೆಯ ಕಸಿನ್‌ನ ಗುರುತು ಹಿಡಿದು ಅಳ್ತಿದ್ರು. ಸರ್‌ಗೂ ಮೇಡಮ್ಮಿಗೂ ಟೀ ವಿಷಯಕ್ಕೆ ಇನ್ನೂ ರಾಜಿ ಆಗಿರಲಿಲ್ಲ. ನಾನು, ಅಮ್ಮ, ಅಜ್ಜಿ ಮೂವರೂ ಎಲ್ಲರ ಹಿಂದೆ ನಿಧಾನಕ್ಕೆ ನಡೆದ್ವಿ. ಅಜ್ಜಿ ಹೊಸ ಚಪ್ಪಲಿ ಹಾಕಿದ್ಲು. ಅಷ್ಟು ಪಳಗಿಸಿದ್ರೂ ಕಚ್ತಾ ಇತ್ತು, ಕುಂಟುತ್ತಾ ಬಂದ್ಲು, ಕೈ ಹಿಡ್ಕೊ ಅಂದ್ರೆ ಬೈದ್ಲು.

ಮರದ ಸುತ್ತ ದುಂಡಗೆ ಚಿಕ್ಕ ಬೇಲಿ. ಅಜ್ಜಿ ಅದರ ತಂತಿ ಹಿಡಿದು ನಿಂತ್ಲು. ಅಮ್ಮ ಅವಳ ಪಕ್ಕ. ಎಷ್ಟು ಹೊತ್ತು ನಿಂತಿದ್ವೋ.

"ಆ ತಗಡಿನ ಮೇಲೆ ಏನು ಬರ್ದಿದಾರೆ?" ಅಜ್ಜಿ ಕಣ್ಣು ಕಿರಿದು ಮಾಡಿದ್ಲು.

"ಹನ್ನೊಂದು. ಅದರ ಮುಂದೆ ಒಂದು. ಹನ್ನೊಂದನೇ ಕಂಬ ಆದ ಮೇಲೆ ಬರೋ ಒಂದನೇ ಗುರುತು ಅಂತ."

"ಅಷ್ಟೇನಾ?"

"ಅಷ್ಟೇ ಅಜ್ಜಿ. ಆದ್ರೆ ಎರಡೂ ದೇಶದ ನಕ್ಷೇಲಿ ಇದೆ ಅದು."

"ಹನ್ನೊಂದು, ಒಂದು," ಅಜ್ಜಿ ತನ್ನಷ್ಟಕ್ಕೆ ಹೇಳ್ಕೊಂಡ್ಲು. ಇನ್ನೊಂದ್ಸಲ ಹೇಳ್ಕೊಂಡ್ಲು, ಹೊಸದಾಗಿ ಹೆಸರಿಟ್ಟಾಗ ಬಾಯಿಗೆ ರೂಢಿ ಮಾಡ್ಕೊಳ್ತಾರಲ್ಲ, ಹಾಗೆ. "ಸಾಕು ಬಿಡು. ಯಾರಾದ್ರೂ ಹುಡುಕಿದ್ರೆ ಸಿಗುತ್ತೆ."

ಆಮೇಲೆ ಅವಳು ಚಪ್ಪಲಿ ಬಿಚ್ಚಿ ಕೈಲಿ ಹಿಡ್ಕೊಂಡು, ಬರಿಗಾಲಲ್ಲಿ ಆ ದುಂಡನೆ ಬೇಲಿ ಸುತ್ತ ಒಂದು ಸುತ್ತು ಹೊರಟಳು. ಅರ್ಧ ಸುತ್ತು ನಮ್ಮ ದೇಶ, ಅರ್ಧ ಸುತ್ತು ಆಚೆ ದೇಶ. ಸರ್ ನೋಡಿದ್ರು. ಮೇಡಮ್ ನೋಡಿದ್ರು. ಯಾರೂ ಅವಳನ್ನ ತಡೀಲಿಲ್ಲ.